ಒಂದು ಮಚ್ಚೆ, ಎರಡು ಹೆಸರು

ಹಸುಗೂಸಿನ ಕೆನ್ನೆ ಮೇಲೆ ಕೆಂಪು ಗಂಟು ಕಾಣಿಸಿಕೊಂಡರೆ "ಬಸುರೀಲಿ ಗ್ರಹಣ ನೋಡಿರ್ಬೇಕು" ಅನ್ನೋರು ನಮ್ಮಲ್ಲಿ ಇದ್ದೇ ಇದ್ದಾರೆ. ಯೂರೋಪಿನವರೇನೂ ಕಡಿಮೆಯಿಲ್ಲ ಬಿಡಿ. ಇಟಲಿಯವರ ಮಾತಲ್ಲಿ ಹುಟ್ಟುಮಚ್ಚೆಗೂ ಬಯಕೆಗೂ ಒಂದೇ ಪದ, 'ವೋಲ್ಯಾ'. ತಾಯಿಯ ತೀರದ ಬಯಕೆ ಮಗುವಿನ ಮೈಮೇಲೆ ಮೂಡುತ್ತೆ ಅನ್ನೋ ನಂಬಿಕೆ!

1860ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಇವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ರಕ್ತನಾಳಗಳ ಆಕಾರ ನೋಡಿ ಸಾದಾ, ಗುಹೆಯಂಥದ್ದು, ಗೊಂಚಲಿನಂಥದ್ದು ಅಂತ ಮೂರು ಬಗೆ ಮಾಡಿದ. ದೊಡ್ಡ ಹೆಜ್ಜೆಯೇ. ಆದರೆ ಆಕಾರ ನೋಡಿದರೆ ಅದು ಮುಂದೆ ಏನಾಗುತ್ತೆ ಅಂತ ಗೊತ್ತಾಗೋದಿಲ್ಲವಲ್ಲ? ತಾನಾಗಿ ಕರಗೋ ಗಂಟಿಗೂ, ಜೀವನವಿಡೀ ಉಳಿಯೋ ಕಲೆಗೂ 'ಹಿಮ್ಯಾಂಜಿಯೋಮಾ' ಅನ್ನೋ ಒಂದೇ ಹಣೆಪಟ್ಟಿ ಬಿತ್ತು.

ಇದರ ಬೆಲೆ ತೆತ್ತವರು ಮಕ್ಕಳು. ಸ್ಟಾಕ್‌ಹೋಮ್‌ನಲ್ಲಿ 1920ರಿಂದ 1959ರವರೆಗೆ ಸಾವಿರಾರು ಕೂಸುಗಳ ಇಂಥ ಗಂಟುಗಳಿಗೆ ರೇಡಿಯಂ, ಎಕ್ಸ್‌-ರೇ ಕೊಟ್ಟರು. ಅವರು ದೊಡ್ಡವರಾದ ಮೇಲೆ ಥೈರಾಯ್ಡ್, ಸ್ತನ ಕ್ಯಾನ್ಸರ್‌ಗಳು ಹೆಚ್ಚಾಗಿ ಕಂಡವು. ಅದನ್ನು ಓದಿದಾಗ ನನಗೆ ಹೊಟ್ಟೆ ಚುರ್ರೆಂದಿತು. ಯಾಕಂದ್ರೆ ಇಂಥ ಗಂಟುಗಳು ಮೊದಲು ಬೇಗ ಬೆಳೆದು ಆಮೇಲೆ ತಾವೇ ಕುಗ್ಗುತ್ತವೆ ಅಂತ ಲಿಸ್ಟರ್ ಅನ್ನೋ ಬ್ರಿಟಿಷ್ ವೈದ್ಯ 1938ರಲ್ಲೇ ಬರೆದಿದ್ದ!

ಗೋಜಲು ಬಿಡಿಸಿದ್ದು ಬಾಸ್ಟನ್‌ನ ಜಾನ್ ಮಲ್ಲಿಕನ್ ಮತ್ತು ಜೂಲಿ ಗ್ಲೊವಾಕಿ, 1982ರಲ್ಲಿ. ಅವರು ಪರೀಕ್ಷಿಸಿದ್ದು ಬರೀ 49 ಮಾದರಿಗಳನ್ನು. ನಾಳದ ಒಳಪದರದ ಜೀವಕೋಶಗಳು ವೃದ್ಧಿಯಾಗ್ತಾ ಇವೆಯಾ? ಹಾಗಾದರೆ ಅದು ಹಿಮ್ಯಾಂಜಿಯೋಮಾ, ನಿರಪಾಯಕಾರಿ ಗೆಡ್ಡೆ. ಇಲ್ಲವಾ? ಅದು ನಾಳದ ರಚನೆಯಲ್ಲೇ ಇರೋ ದೋಷ. ಮೊದಲನೆಯದು ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ತಿಂಗಳುಗಟ್ಟಲೆ ಬೆಳೆದು, ವರ್ಷಗಟ್ಟಲೆ ಕುಗ್ಗುತ್ತೆ. ಎರಡನೆಯದು ಹುಟ್ಟುವಾಗಲೇ ಇದ್ದು, ಮಗುವಿನ ಜೊತೆಗೇ ಬೆಳೆಯುತ್ತೆ, ತಾನಾಗಿ ಹೋಗೋದಿಲ್ಲ. 1996ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘವೂ ಈ ವಿಂಗಡಣೆಯನ್ನೇ ಒಪ್ಪಿತು.

ಹಾಗಾಗಿ ವೈದ್ಯರು ಮೊದಲು ಕೇಳೋದು, "ಯಾವಾಗ ಕಾಣಿಸಿತು? ಹೇಗೆ ಬೆಳೀತು?" ಅಂತ. ಬಹಳ ಸಲ ತಾಯಿಯ ಉತ್ತರದಲ್ಲೇ ರೋಗನಿರ್ಣಯ ಇರುತ್ತೆ. ಅನುಮಾನವಿದ್ದರೆ ಡಾಪ್ಲರ್ ಸ್ಕ್ಯಾನ್, ಎಂಆರ್‌ಐ. ಚರ್ಮದ ಮೇಲೆ ಐದು ಅಥವಾ ಹೆಚ್ಚು ಗಂಟುಗಳಿದ್ದರೆ ಯಕೃತ್ತನ್ನೂ ಸ್ಕ್ಯಾನ್ ಮಾಡಿ ನೋಡ್ತಾರೆ. 2000ದಲ್ಲಿ ಪೌಲಾ ನಾರ್ತ್ ತಂಡ 'ಗ್ಲಟ್-1' ಅನ್ನೋ ಪ್ರೋಟೀನು ಶಿಶುಗಳ ಹಿಮ್ಯಾಂಜಿಯೋಮಾದಲ್ಲಿರುತ್ತೆ, ರಚನಾದೋಷಗಳಲ್ಲಿರೋಲ್ಲ ಅಂತ ತೋರಿಸಿತು. ಬಯಾಪ್ಸಿಯಲ್ಲಿ ಇದೇ ಸಾಕ್ಷಿ.

2008ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ, ಹೃದಯದ ತೊಂದರೆಗೆ ಕೊಡೋ ಪ್ರೊಪ್ರನಲಾಲ್ ಮಾತ್ರೆಯಿಂದ ಈ ಗಂಟು ಕುಗ್ಗುತ್ತೆ ಅಂತ ವರದಿಯಾಯ್ತು. ಕಣ್ಣಿಗೆ, ಉಸಿರಿಗೆ ಅಡ್ಡಬರೋ ಗಂಟುಗಳಿಗೆ ಈಗ ಅದೇ ಮೊದಲ ಮದ್ದು. ರಚನಾದೋಷಕ್ಕೆ ಮಾತ್ರ ಅದು ನಾಟೋದಿಲ್ಲ.

ಹೆಸರಿಡೋದು ಪಂಡಿತರ ಕಸರತ್ತು ಅಂತ ನಾವು ನಗ್ತೀವಿ. ಇಲ್ಲಿ ನೋಡಿ, ಯಾವ ಮಗುವಿಗೆ ಮದ್ದು, ಯಾವ ಮಗುವಿಗೆ ಬರೀ ತಾಳ್ಮೆ ಅಂತ ತೀರ್ಮಾನಿಸಿದ್ದೇ ಹೆಸರು. ನೀವೇನಂತೀರಿ?