ಮೈಸೂರಿನ ಯೆಜ್ಡಿಯೂ ನಮ್ಮ ಮೂರು ಕಾಲಗಳೂ

ಬೈಕಿನ ಸುಖ ಅಂದ್ರೆ ಎಲ್ಲರೂ ರಸ್ತೆಯ ಬಗ್ಗೆ, ಸ್ಪೀಡಿನ ಬಗ್ಗೆ ಮಾತಾಡ್ತಾರೆ. ನನಗಂತೂ ಅದು ಮಳೆ, ಬಿಸಿಲು, ಚಳಿಯ ಮಾತು. ಕಾರಿನೊಳಗೆ ಕೂತವನಿಗೆ ಮಳೆ ಒಂದು ನೋಟ, ಬೈಕಿನವನಿಗೆ ಅದು ಕಾಲರಿನೊಳಗೆ ಇಳಿಯೋ ನೀರು! ಈ ಕಣ್ಣಿನಿಂದ ನಮ್ಮ ಮೈಸೂರಿನ ಜಾವಾ-ಯೆಜ್ಡಿಯ ಕಥೆ ಓದಿದರೆ ಬೇರೆಯೇ ಸ್ವಾರಸ್ಯ.

ಜಾವಾ ಮೂಲತಃ ಚಳಿದೇಶದ ಗಾಡಿ. 1929ರಲ್ಲಿ ಆಗಿನ ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡು ಶುರುಮಾಡಿದ್ದು. ಎರಡೂ ಹೆಸರಿನ ಮೊದಲ ತುಣುಕು ಸೇರಿ 'ಜಾವಾ'. ಅದನ್ನು ಮೈಸೂರಿನ ಯಾದವಗಿರಿಗೆ ತಂದವರು ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿ ತಯಾರಾಗತೊಡಗಿತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು.

ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್, ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಚಳಿಗಾಲದ ಬೆಳಗ್ಗೆ ಕಾರ್ಬುರೇಟರಿನ ಪುಟ್ಟ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸಿ ಕಿಕ್ ಹೊಡೆದರೆ ನೀಲಿ ಹೊಗೆಯೊಂದಿಗೆ ಬೀದಿಗೆಲ್ಲ ಎಚ್ಚರ! ಬೆರಳು ಮರಗಟ್ಟಿದಾಗ ಎಂಜಿನ್ ಪಕ್ಕ ಕೈ ಹಿಡಿದು ಕಾಯಿಸಿಕೊಳ್ಳೋ ಸುಖ, ಓಡಿಸಿದವರಿಗೇ ಗೊತ್ತು.

ಬೇಸಿಗೆಯಲ್ಲಿ ಅದೇ ಬಿಸಿ ಶತ್ರು. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್, ಭಾರ ಹೊತ್ತು ನಿಧಾನಕ್ಕೆ ಘಾಟಿ ಹತ್ತುವಾಗ ಗಾಳಿ ಸಾಲದೆ ಕಾದು ಸೀಜ್ ಆಗುವ ಭಯ. ಇಳಿಯುವಾಗ ಇನ್ನೊಂದು ಕಷ್ಟ: ಆಕ್ಸಿಲರೇಟರ್ ಪೂರ್ತಿ ಮುಚ್ಚಿದರೆ ಪೆಟ್ರೋಲಿನ ಜೊತೆ ಆಯಿಲೂ ಹೋಗುವುದಿಲ್ಲ. ಅದಕ್ಕೇ ತಿಳಿದವರು ಚಾರ್ಮಾಡಿ ಇಳಿಯುವಾಗ ಆಗಾಗ ಒಂದು ಸಲ ರೇಸ್ ಮಾಡ್ತಾ ಇಳಿಯುತ್ತಿದ್ದರು.

ಮಳೆಗಾಲವೇ ನಿಜವಾದ ಪರೀಕ್ಷೆ. ಡ್ರಮ್ ಬ್ರೇಕಿನೊಳಗೆ ನೀರು ಹೋದರೆ ಹಿಡಿತ ಹೋಯ್ತು. ಮೆಲ್ಲಗೆ ಬ್ರೇಕ್ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸಬೇಕು. ಪಾಯಿಂಟ್‌ಗೆ ತೇವ ಹೋದರೆ ಕಿಡಿಯಿಲ್ಲ. ಮಂಜಿನಲ್ಲಿ ಆ ಮಬ್ಬು ಹೆಡ್‌ಲೈಟು ಯಾವ ಮೂಲೆಗೂ ಸಾಲದು. ಆದರೂ ನೆನೆದ ಮಣ್ಣಿನ ವಾಸನೆ ಮೂಗಿಗೆ ನೇರವಾಗಿ ಸಿಗೋದು ಅಲ್ಲೇ ತಾನೇ?

1996ರಲ್ಲಿ ಕಾರ್ಖಾನೆ ಮುಚ್ಚಿತು. ಹೊಗೆಯ ನಿಯಮಗಳು ಬಿಗಿಯಾಗಿದ್ದವು, ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಾದ, ಪೆಟ್ರೋಲ್ ಕಮ್ಮಿ ಕುಡಿಯೋ ಬೈಕುಗಳು ಬಂದಿದ್ದವು. ಅಲ್ಲಿ ದುಡಿಯುತ್ತಿದ್ದ ಎಷ್ಟೋ ಮನೆಗಳ ಅನ್ನವೂ ಅದರ ಜೊತೆ ಹೋಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂದವು. ಈಗಿನದು ಫೋರ್-ಸ್ಟ್ರೋಕ್, ನೀರಿನಿಂದ ತಣ್ಣಗಾಗೋ ಎಂಜಿನ್. ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಹೊಸ ಗಾಡಿ ಮಳೆಗೂ ಬಿಸಿಲಿಗೂ ಒಂದೇ ಥರ ಸ್ಟಾರ್ಟ್ ಆಗುತ್ತೆ. ಒಳ್ಳೆಯದೇ, ನಾನೇನು ದೂರುತ್ತಿಲ್ಲ. ಆದರೆ ಹಳೆಯದು ಕಲಿಸಿದ್ದ ಒಂದು ವಿದ್ಯೆ ಇತ್ತು: ಮನೆ ಬಿಡೋ ಮುಂಚೆ ತಲೆಯೆತ್ತಿ ಆಕಾಶ ನೋಡೋದು. ಮೈಸೂರಿನ ಕಾರ್ಖಾನೆಯ ಜೊತೆ ಅದೂ ಮುಚ್ಚಿಹೋಯಿತೇನೋ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತೆ.