ಕಪ್ಪಾದರೂ ಲಕ್ಷಣ

ಮುದಗಲ್ ಸೀಮೆಯಲ್ಲಿ ‘ಲಕ್ಷಣ’ ಬಿಡುವಿಲ್ಲದೆ ದುಡಿಯುವ ಪದ. ಮೋಡ ನೋಡಿದ ರೈತ ‘ಮಳಿ ಬರಾ ಲಕ್ಷಣ ಕಾಣವಲ್ದು’ ಅನ್ನುತ್ತಾನೆ. ಕೂಸಿನ ಹಣೆ ಮುಟ್ಟಿದ ಅಜ್ಜಿ ‘ಜ್ವರದ ಲಕ್ಷಣ’ ಅನ್ನುತ್ತಾಳೆ. ಸಂಜೆ ಹೊತ್ತು ತಲೆ ಕೆದರಿಕೊಂಡು ಹೊಸ್ತಿಲ ಮೇಲೆ ಕುಂತವಳಿಗೆ ‘ಏನ್ ಅವಲಕ್ಷಣ ಇದು, ಎದ್ದು ಮಾರಿ ತೊಳ್ಕೊ’ ಎಂಬ ಬೈಗುಳ. ಅವಳೇ ಎಣ್ಣೆ ಹಚ್ಚಿ ಹೆಳಲು ಹಾಕಿಕೊಂಡು ಬಂದರೆ ‘ಈಗ ನೋಡ್, ಎಷ್ಟ್ ಲಕ್ಷಣಾಗಿ ಕಾಣ್ತಿ’. ಚೆಲುವಿ ಎನ್ನಲು ಜನ ಹಿಂದೆಮುಂದೆ ನೋಡುತ್ತಾರೆ, ಲಕ್ಷಣ ಎನ್ನಲು ಯಾರೂ ಜಿಪುಣರಲ್ಲ. ಮೂಗು, ಬಣ್ಣ, ತೂಕವನ್ನು ಬಿಡಿಬಿಡಿಯಾಗಿ ಅಳೆಯದೆ, ನಡೆ ನುಡಿ ಕಳೆ ಎಲ್ಲ ಕೂಡಿಸಿ ಕೊಡುವ ಒಪ್ಪಿಗೆ ಅದು.

ಪಂಡಿತರಲ್ಲಿ ಈ ಪದಕ್ಕೊಂದು ಜೋಡಿಯಿದೆ: ಲಕ್ಷ್ಯ. ಲಕ್ಷ್ಯವೆಂದರೆ ಕಣ್ಣೆದುರಿನ ಉದಾಹರಣೆ, ಲಕ್ಷಣವೆಂದರೆ ಅದನ್ನು ನೋಡಿ ಕಟ್ಟಿದ ಸೂತ್ರ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣ ಬರೆದಾಗ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಸೂತ್ರ ಹೇಳಿದ. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ಹೆಣ್ಣುಮಕ್ಕಳ ಮೈಯ ವಿಷಯಕ್ಕೆ ಬಂದರೆ ಮಾತ್ರ ಇದು ತಿರುಗಾಮುರುಗಾ. ಸೂತ್ರವನ್ನು ಯಾರೋ ಎಲ್ಲೋ ಮೊದಲೇ ಬರೆದಿಟ್ಟಿರುತ್ತಾರೆ, ಹುಡುಗಿ ಅದಕ್ಕೆ ಹೊಂದಬೇಕು.

ಮುದಗಲ್ಲಿಗೆ ಇದು ಹೊಸದೇನಲ್ಲ. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಷ್ತಾ ಹೇಳುವಂತೆ, ಇಲ್ಲಿನ ಅಕ್ಕಸಾಲಿಗನೊಬ್ಬನ ಮಗಳು ಪರ್ತಾಳ್‌ಳ ರೂಪವನ್ನು ಒಬ್ಬ ಬ್ರಾಹ್ಮಣ ವಿಜಯನಗರದಲ್ಲಿ ಬಣ್ಣಿಸಿದ. ಅಲ್ಲಿನ ಅರಸ ದೇವರಾಯ ಆಕೆಯನ್ನು ಕಣ್ಣಾರೆ ಕಂಡಿರಲಿಲ್ಲ. ಬರೀ ಮಾತು ಕೇಳಿ ಒಡವೆ ಕಳಿಸಿದ. ತಂದೆ-ತಾಯಿಯನ್ನು ಬಿಟ್ಟು ಅರಮನೆ ಸೇರಲೊಲ್ಲದ ಹುಡುಗಿ ಒಡವೆ ಬೇಡವೆಂದಳು. ಅರಸ ಕುದುರೆ ದಂಡು ಕಳಿಸಿದ, ಮನೆಯವರು ಊರು ಬಿಟ್ಟು ಓಡಿದರು. 1406ರಲ್ಲಿ ಫಿರೋಜ್ ಷಾ ಬಹಮನಿ ವಿಜಯನಗರದ ಮೇಲೆ ಏರಿಹೋದದ್ದಕ್ಕೆ ಇದೇ ನೆಪ. ಕೊನೆಗೆ ಆಕೆಯನ್ನು ಸುಲ್ತಾನನ ಮಗನಿಗೆ ಮದುವೆ ಮಾಡಿದರು. ಫರಿಷ್ತಾ ಇದನ್ನು ಬರೆದದ್ದು ಸುಮಾರು 200 ವರ್ಷಗಳ ನಂತರ. ಅವನೂ ಕೇಳಿ ಬರೆದವನೇ. ಆಕೆಯ ಮುಖವನ್ನು ಕಂಡವರಿಗಿಂತ ಬಣ್ಣನೆ ನಂಬಿದವರೇ ಹೆಚ್ಚು.

ಇವತ್ತು ಬಣ್ಣಿಸುವ ಕೆಲಸ ಜಾಹೀರಾತಿನದು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕಿರಾಣಿ ಅಂಗಡಿಯ ಶಾಂಪೂ ಚೀಟಿಗಳ ಸಾಲಿನಲ್ಲಿ ತೂಗಾಡುತ್ತ ಹಳ್ಳಿಹಳ್ಳಿ ತಲುಪಿತು. ಕಪ್ಪಿದ್ದವಳಿಗೆ ನೌಕರಿಯಿಲ್ಲ, ವರನಿಲ್ಲ, ಕ್ರೀಮು ಹಚ್ಚಿದ ಮೇಲೆ ಎರಡೂ ಉಂಟು: ಇದು ದಶಕಗಟ್ಟಲೆ ಓಡಿದ ಕಥೆ. 2020ರಲ್ಲಿ ಕಂಪನಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿತು. ಅಷ್ಟೊತ್ತಿಗೆ ‘ಲಕ್ಷಣ’ ಆಸ್ಪತ್ರೆಯ ಕಡೆ ಹೊರಳಿಯಾಗಿತ್ತು. ಮೊಡವೆ, ಕಣ್ಣಡಿಯ ಕಪ್ಪು, ತುಸು ಬಂದ ಹೊಟ್ಟೆ ಎಲ್ಲವೂ ರೋಗಲಕ್ಷಣ, ಎಲ್ಲಕ್ಕೂ ಮದ್ದು. ಒಂದು ಕಾಲಕ್ಕೆ ‘ಮೈಕೈ ತುಂಬಿಕೊಂಡಾಳ’ ಎಂಬುದು ಹೊಗಳಿಕೆಯಾಗಿತ್ತು, ಈಗ ಹುಡುಗಿ ಅದನ್ನು ಕೇಳಿದರೆ ರಾತ್ರಿ ರೊಟ್ಟಿ ಬಿಡುತ್ತಾಳೆ.

ಚರ್ಮರೋಗಕ್ಕೆ ಕೊಡುವ ಸ್ಟಿರಾಯ್ಡ್ ಮುಲಾಮನ್ನು ಬೆಳ್ಳಗಾಗಲು ಹಚ್ಚಿ ಮಾರಿ ಕೆಂಪೇರಿ, ಚರ್ಮ ತೆಳುವಾಗಿ, ಕೂದಲು ಮೂಡಿಸಿಕೊಂಡವರು ಊರೂರಲ್ಲಿ ಇದ್ದಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ ಆಕೆಗೆ 21 ವರ್ಷ. ಇನ್‌ಸ್ಟಾಗ್ರಾಂನ ಕಂಪನಿ ಒಳಗೊಳಗೇ ಮಾಡಿಸಿ 2021ರಲ್ಲಿ ಹೊರಬಿದ್ದ ಸಮೀಕ್ಷೆಯಲ್ಲಿ, ತಮ್ಮ ಮೈ ಬಗ್ಗೆ ಮೊದಲೇ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ 100ಕ್ಕೆ 32 ಮಂದಿ, ಆ ಆ್ಯಪ್ ನೋಡಿ ಬೇಸರ ಇನ್ನೂ ಹೆಚ್ಚಿತು ಎಂದಿದ್ದರು.

ಇತ್ತ ನಿಜವಾದ ರೋಗಲಕ್ಷಣ ಯಾರ ಕಣ್ಣಿಗೂ ಬೀಳುತ್ತಿಲ್ಲ. ಬಿಳಿಚಿದ ಉಗುರು, ಬಿಳಿಚಿದ ನಾಲಿಗೆ, ಕೆಳರೆಪ್ಪೆ ಎಳೆದು ನೋಡಿದರೆ ರಕ್ತದ ಸುಳಿವಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಗುಳಿಗೆ ಇರುವುದು ಇದಕ್ಕೇ. ನಮ್ಮ ಕಡೆ ಬಣ್ಣ ತಿಳಿಯಾದವಳನ್ನು ‘ಕೆಂಪಗ ಅದಾಳ’ ಎನ್ನುವುದುಂಟು. ಹಳಬರ ಕಣ್ಣು ಹುಡುಕುತ್ತಿದ್ದದ್ದು ನೆತ್ತರಿನ ಕೆಂಪನ್ನೇ ಇರಬೇಕು. ಕ್ರೀಮು ಆ ಜಾಗದಲ್ಲಿ ಬಿಳಿಯನ್ನು ತಂದು ಕೂಡಿಸಿತು.

ಹಾಗೆಂದು ತಪ್ಪೆಲ್ಲ ಜಾಹೀರಾತಿನ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ಕನ್ಯೆ ನೋಡಿ ಬಂದವರ ಮಾತು ನೆನಪಿಸಿಕೊಳ್ಳಿ: ‘ಕಪ್ಪಾದರೂ ಲಕ್ಷಣಾಗಿ ಅದಾಳ.’ ಹೊಗಳಿಕೆ ಪೂರ್ತಿ ಇದೆ, ವಿಷ ಇರುವುದು ಆ ‘ಆದರೂ’ದಲ್ಲಿ. 2021ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಲಕ್ಷಣ’ ಧಾರಾವಾಹಿ ಕಪ್ಪು ಹುಡುಗಿಯನ್ನೇ ನಾಯಕಿ ಮಾಡಿತು, ಮನೆಮನೆಯವರೂ ಕೂತು ನೋಡಿದರು. ಆದರೆ ಆ ನಾಯಕಿಯ ಪಾತ್ರಕ್ಕೆ ನಟಿಗೆ ಕಪ್ಪು ಮೇಕಪ್ ಬಳಿಯಬೇಕಾಯಿತು. ಅಲ್ಲಿಯೂ ಇಣುಕಿದ್ದು ಅದೇ ‘ಆದರೂ’.

ಹದಿಮೂರರ ಹುಡುಗಿ ಮೊಬೈಲ್ ಕೆಳಗಿಟ್ಟು ‘ಯವ್ವಾ, ನಾ ಕರ್ರಗ ಅದೀನೇನು?’ ಎಂದು ಕೇಳಿದರೆ ತಾಯಿ ಗಾಬರಿಯಾಗಿ ‘ಇಲ್ಲವ್ವ, ನೀ ಕೆಂಪಗ ಅದಿ’ ಅನ್ನುತ್ತಾಳೆ. ಪ್ರೀತಿಯ ಸುಳ್ಳೇ, ಆದರೂ ಅದು ಜಾಹೀರಾತಿಗೆ ಹಾಕಿದ ರುಜು. ಹೇಳಬೇಕಾದ್ದು ಇಷ್ಟೇ: ‘ಹೂಂ, ಕರ್ರಗ ಅದಿ. ಲಕ್ಷಣಾಗಿ ಅದಿ.’ ನಡುವೆ ‘ಆದರೂ’ ಬೇಡ.