ಎರಡನೇ ತಂತಿ: ಕುಡಚಿಯ ಸೇತುವೆಯಿಂದ ಸರ್ವರ್ ಕೋಣೆಯವರೆಗೆ

"ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ." ಈ ಮಾತು ಕೇಳದವರು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಯಾರಾದರೂ ಇದ್ದಾರಾ? ಉತಾರ ತೆಗೆಸೋಕೆ ಹೋದಾಗ ಕೇಳಿರ್ತೀರಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋಕೆ ಸಾಲಿನಲ್ಲಿ ನಿಂತಾಗ ಕೇಳಿರ್ತೀರಿ. ದಿನದ ಕೂಲಿ ಬಿಟ್ಟು ಬಂದವರಿಗೆ ಈ ಒಂದು ಸಾಲಿನ ಬೆಲೆ ಎಷ್ಟು ಅನ್ನೋದು ಕೌಂಟರಿನ ಆಚೆ ಕೂತವರಿಗೂ ಗೊತ್ತು, ಆದರೆ ಅವರ ಕೈಯಲ್ಲೂ ಏನೂ ಇರೋದಿಲ್ಲ.

ಸರ್ವರ್‌ಗಳ ಕೆಲಸ ಮಾಡಿ ಹೊಟ್ಟೆ ಹೊರೆದವನಾಗಿ ಒಂದು ಮಾತು ಹೇಳ್ತೀನಿ. "ಸರ್ವರ್ ಡೌನ್" ಅಂದಾಗ ಬಹಳ ಸಲ ಸರ್ವರ್ ಎಲ್ಲಿಯೂ ಬಿದ್ದಿರೋದಿಲ್ಲ. ಅದು ತನ್ನ ತಂಪು ಕೋಣೆಯಲ್ಲಿ ಆರಾಮಾಗಿ ಓಡ್ತಾ ಇರುತ್ತದೆ. ಬಿದ್ದಿರೋದು ಅದಕ್ಕೂ ನಿಮಗೂ ನಡುವಿನ ದಾರಿ. ಎಲ್ಲೋ ಜೆಸಿಬಿಯ ಹಲ್ಲಿಗೆ ಸಿಕ್ಕ ಕೇಬಲ್, ಸುಟ್ಟ ಸ್ವಿಚ್, ಸಡಿಲಾದ ಒಂದು ಪ್ಲಗ್. ಒಂದು ದಾರಿ ಸತ್ತರೆ ಇನ್ನೊಂದು ದಾರಿ ತಾನಾಗಿಯೇ ಕೆಲಸಕ್ಕೆ ಬರಬೇಕು, ಕೌಂಟರಿನಲ್ಲಿ ನಿಂತವನಿಗೆ ಅದು ಗೊತ್ತೇ ಆಗಬಾರದು. ಇದಕ್ಕೆ ನಮ್ಮ ಕಸುಬಿನಲ್ಲಿ ಫೇಲೋವರ್ ಅಂತಾರೆ. ಈ ಸಂಚಿಕೆಯಲ್ಲಿ ಅದರ ಇತಿಹಾಸ ಹೇಳ್ತೀನಿ, ಆದರೆ ಕಂಪ್ಯೂಟರಿನಿಂದ ಶುರು ಮಾಡೋದಿಲ್ಲ. ಕುಡಚಿಯಿಂದ ಶುರು ಮಾಡ್ತೀನಿ.

ರಾಯಬಾಗ ತಾಲ್ಲೂಕಿನ ಕುಡಚಿ ಕೃಷ್ಣಾ ನದಿಯ ದಕ್ಷಿಣ ದಂಡೆಯ ಊರು. ಎದುರು ದಂಡೆಯಲ್ಲಿ ಉಗಾರ. ನಡುವೆ ಎರಡು ಸೇತುವೆ: ಒಂದು ರಸ್ತೆಯದು, ಇನ್ನೊಂದು ರೈಲಿನದು. ಕೊಯ್ನಾ ಸೀಮೆಯಲ್ಲಿ ಮಳೆ ಜೋರಾದರೆ ತಗ್ಗಿನ ರಸ್ತೆ ಸೇತುವೆ ಮುಳುಗುತ್ತದೆ. 2019ರ ಆಗಸ್ಟ್ ನೆನಪಿಸಿಕೊಳ್ಳಿ, 2021ರ ಜುಲೈ ನೆನಪಿಸಿಕೊಳ್ಳಿ. ಎದುರಿಗೆ ಕಾಣೋ ಊರಿಗೆ ಹೋಗಬೇಕಾದರೂ ಸುತ್ತು ಹೊಡೀಬೇಕು. ದಾರಿ ಒಂದೇ ಇದ್ದರೆ ಏನಾಗುತ್ತೆ ಅನ್ನೋದನ್ನು ಈ ಊರಿನವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ರೈಲಿನ ಕಥೆ ಹಳೆಯದು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಬೆಳಗಾವಿ, ಮೀರಜ್ ಕಡೆಗೆ ಹೋಗೋ ಈ ಮಾರ್ಗ ಆ ದಶಕದ ಕೆಲಸ. ಆಗ ಮೀಟರ್ ಗೇಜ್, ಒಂಟಿ ಹಳಿ. ಒಂಟಿ ಹಳಿ ಅಂದರೆ ಕುಡಚಿಯಿಂದ ಹೊರಟ ಗಾಡಿಗೆ ಉಗಾರದ ಕಡೆಯಿಂದ ಇನ್ನೊಂದು ಗಾಡಿ ಎದುರಾಗಬಾರದು. ಅದಕ್ಕೆ ಎರಡೂ ಸ್ಟೇಷನ್ ಮಾಸ್ತರರು ಮಾತಾಡಿಕೊಳ್ಳಲೇಬೇಕು. ಮಾತಿನ ತಂತಿ ಹರಿದರೆ? ಗಾಡಿ ನಿಲ್ಲಿಸಿಬಿಡೋಕೆ ಆಗುತ್ತಾ?

ಇಲ್ಲಿ ನನಗೆ ಬಹಳ ಇಷ್ಟವಾಗೋ ಒಂದು ದಾಖಲೆ ಇದೆ. ರೈಲ್ವೆಯ ನಿಯಮ ಪುಸ್ತಕ. ಸಂಪರ್ಕ ಕೆಟ್ಟಾಗ ಯಾವುದರ ನಂತರ ಯಾವುದನ್ನು ಬಳಸಬೇಕು ಅಂತ ಅದರಲ್ಲಿ ಸರತಿ ಹಚ್ಚಿಟ್ಟಿದ್ದಾರೆ. ಮೊದಲು ಬ್ಲಾಕ್ ಯಂತ್ರ. ಅದು ಕೆಟ್ಟರೆ ಆ ಯಂತ್ರಕ್ಕೇ ಜೋಡಿಸಿದ ಟೆಲಿಫೋನು. ಅದೂ ಇಲ್ಲವೆಂದರೆ ಸ್ಟೇಷನ್ನಿಂದ ಸ್ಟೇಷನ್ನಿಗೆ ಇರೋ ಫೋನು. ಆಮೇಲೆ ರೈಲ್ವೆಯ ಆಟೋ ಫೋನು ಅಥವಾ ಬಿಎಸ್‌ಎನ್‌ಎಲ್ ಫೋನು, ಆಮೇಲೆ ಕಂಟ್ರೋಲ್ ಫೋನು, ಕೊನೆಗೆ ವೈರ್‌ಲೆಸ್ ಸೆಟ್ಟು. ಎಲ್ಲವೂ ಸತ್ತವು ಅನ್ನಿ. ಆಗ ಒಂಟಿ ಹಳಿಯ ಮೇಲೆ ಒಂದು ಎಂಜಿನ್ನನ್ನೋ ಟ್ರಾಲಿಯನ್ನೋ ಲಿಖಿತ ಅನುಮತಿಯೊಂದಿಗೆ ನಿಧಾನಕ್ಕೆ ಕಳಿಸಬೇಕು. ಅದು ಮುಂದಿನ ಸ್ಟೇಷನ್ನಿಗೆ ಹೋಗಿ ಸಂಪರ್ಕವನ್ನು ಮತ್ತೆ ಹುಟ್ಟಿಸಬೇಕು. ತಂತಿ ಇಲ್ಲವೆಂದರೆ ಮನುಷ್ಯನೇ ತಂತಿ.

ಅದಕ್ಕಿಂತ ಚೆಂದದ್ದು ಇನ್ನೊಂದಿದೆ: ಫೋನಿನಲ್ಲಿ ಆಚೆ ಕಡೆಯಿಂದ ದನಿ ಕೇಳಿಸಿದರೆ ಸಾಲದು. ಪ್ರೈವೇಟ್ ನಂಬರ್ ಅಂತ ಒಂದು ಗುಟ್ಟಿನ ಅಂಕಿ ಇರುತ್ತದೆ. ಮಾಸ್ತರರು ಅದನ್ನು ಪರಸ್ಪರ ಹೇಳಿಕೊಂಡು ಬರೆದುಕೊಳ್ಳಬೇಕು. ಅಂದರೆ ದಾರಿ ಬದಲಾದಾಗ ಆಚೆ ಇರೋದು ನಿಜವಾಗಿ ಅವನೇನಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಈ ಮಾತು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಕುಡಚಿಯಿಂದ ಅಮೆರಿಕಕ್ಕೆ. 1960ರ ದಶಕದ ಆರಂಭ, ಶೀತಲ ಸಮರದ ಕಾಲ. ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ಎಂಬ ಎಂಜಿನಿಯರ್ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಇದು: ಬಾಂಬು ಬಿದ್ದು ಅರ್ಧ ಜಾಲ ಹಾಳಾದರೂ ಉಳಿದ ಅರ್ಧ ಮಾತಾಡಬೇಕು, ಹೇಗೆ? 1964ರಲ್ಲಿ ಅವರ ವರದಿಗಳು ಸಂಪುಟಗಳಾಗಿ ಬಂದವು. ಎಲ್ಲಾ ತಂತಿಗಳೂ ಒಂದೇ ಕೇಂದ್ರಕ್ಕೆ ಹೋಗೋ ಜಾಲ ಬೇಡ, ಮೀನಿನ ಬಲೆಯಂಥ ಜಾಲ ಬೇಕು ಅಂದರು. ಅವರ ಲೆಕ್ಕದ ಸೋಜಿಗ ಏನಂದ್ರೆ, ಸಿಕ್ಕಾಪಟ್ಟೆ ತಂತಿ ಎಳೆಯಬೇಕಾಗಿರಲಿಲ್ಲ. ಅತಿ ಕಡಿಮೆ ಬೇಕಾದದ್ದರ ಮೂರು-ನಾಲ್ಕು ಪಟ್ಟು ಕೊಂಡಿಗಳಿದ್ದರೆ ಸಾಕು, ಜಾಲ ಅಚ್ಚರಿ ಆಗುವಷ್ಟು ಗಟ್ಟಿ ಆಗುತ್ತಿತ್ತು.

1969ರಲ್ಲಿ ಅರ್ಪಾನೆಟ್ ಶುರುವಾಯಿತು. ಅದಕ್ಕೂ ಪರ್ಯಾಯ ದಾರಿಗಳಿದ್ದವು. ಆದರೆ 1986ರ ಡಿಸೆಂಬರ್ 12ರಂದು ಒಂದು ಘಟನೆ ನಡೆಯಿತು. ನ್ಯೂ ಇಂಗ್ಲೆಂಡ್ ಪ್ರದೇಶವನ್ನು ಉಳಿದ ಅರ್ಪಾನೆಟ್‌ಗೆ ಜೋಡಿಸೋಕೆ ಏಳು ಬೇರೆ ಬೇರೆ ಲೈನುಗಳಿದ್ದವು. ಕಾಗದದ ಮೇಲೆ ಏಳು. ಹೊಸದಾಗಿ ಬಂದಿದ್ದ ಫೈಬರ್‌ನಲ್ಲಿ ಜಾಗ ಧಾರಾಳ ಇತ್ತಲ್ಲ, ಹಾಗಾಗಿ ಏಳನ್ನೂ ಫೋನ್ ಕಂಪನಿ ಒಂದೇ ಕೇಬಲ್ಲಿನೊಳಗೆ ಹಾಯಿಸಿತ್ತು. ನ್ಯೂಯಾರ್ಕ್ ಸುತ್ತಮುತ್ತ ಎಲ್ಲೋ ಆ ಒಂದು ಕೇಬಲ್ ತುಂಡಾಯಿತು. ಏಳೂ ಹೋದವು. ನಕ್ಷೆಯಲ್ಲಿ ಏಳು ಗೆರೆ ಎಳೆದವನ ತಪ್ಪಲ್ಲ ಅದು. ನೆಲದ ಮೇಲೆ ನಡೆದು ನೋಡದೇ ಇದ್ದದ್ದರ ಫಲ.

ಇನ್ನು ಸರ್ವರಿನ ಹಿಂಬದಿಗೆ ಬರೋಣ. ಇವತ್ತಿನ ಬಹುತೇಕ ಸರ್ವರ್‌ಗಳಲ್ಲಿ ಕನಿಷ್ಠ ಎರಡು ನೆಟ್‌ವರ್ಕ್ ಪೋರ್ಟ್ ಇರುತ್ತವೆ. ಎರಡನ್ನೂ ಕಟ್ಟಿ ಒಂದೇ ಎಂಬಂತೆ ತೋರಿಸೋ ತಂತ್ರಾಂಶ ಲಿನಕ್ಸ್‌ನಲ್ಲಿದೆ, ಹೆಸರು ಬಾಂಡಿಂಗ್. ಇದು ಹುಟ್ಟಿದ್ದು ಸುರಕ್ಷತೆಗಲ್ಲ ಅನ್ನೋದೇ ಇದರ ಇತಿಹಾಸದ ತಮಾಷೆ. 1994ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಸಾಮಾನ್ಯ ಪಿಸಿಗಳನ್ನು ಜೋಡಿಸಿ ಬೇವುಲ್ಫ್ ಅಂತ ಅಗ್ಗದ ಸೂಪರ್ ಕಂಪ್ಯೂಟರ್ ಮಾಡಿದರು. ಆಗಿನ ಈಥರ್ನೆಟ್ ವೇಗ ಸೆಕೆಂಡಿಗೆ 10 ಮೆಗಾಬಿಟ್. ಸಾಲುತ್ತಿರಲಿಲ್ಲ. ಎರಡು ಕೇಬಲ್ ಕಟ್ಟಿ ದತ್ತಾಂಶವನ್ನು ಒಂದರ ಮೇಲೊಂದರಂತೆ ಸರತಿಯಲ್ಲಿ ಹರಿಬಿಟ್ಟರು. ಬೆಕರ್ ಅವರ ಆ ತೇಪೆಗಳಿಂದಲೇ ಲಿನಕ್ಸ್‌ನ ಬಾಂಡಿಂಗ್ ಬಂದದ್ದು. ಅದಕ್ಕೇ ಇವತ್ತಿಗೂ ಬಾಂಡಿಂಗ್‌ನ ಸೊನ್ನೆಯ ವಿಧಾನ ವೇಗದ್ದು. ಒಂದು ಓಡುತ್ತಾ ಇನ್ನೊಂದು ಕಾಯೋ ವಿಧಾನ, ಆ್ಯಕ್ಟಿವ್-ಬ್ಯಾಕಪ್, ಅದರ ನಂತರ, 1ನೇ ನಂಬರು. ಏನೂ ಹೇಳದೇ ಬಿಟ್ಟರೆ ಸಿಗೋದು ಸೊನ್ನೆಯದೇ. ನಮ್ಮಂಥ ಊರುಗಳ ಕಚೇರಿಗೆ ಬೇಕಾಗೋದು 1.

ಕೆಲಸ ಸರಳ. ಐಪಿ ವಿಳಾಸವನ್ನು ಪೋರ್ಟಿಗೆ ಕೊಡೋದಿಲ್ಲ, ಎರಡೂ ಪೋರ್ಟಿನ ಮೇಲೆ ಕೂತ ಬಾಂಡ್ ಎಂಬ ಕಾಲ್ಪನಿಕ ಪೋರ್ಟಿಗೆ ಕೊಡ್ತೀವಿ. ಒಂದು ಸಮಯಕ್ಕೆ ಒಂದೇ ಪೋರ್ಟ್ ಮಾತಾಡುತ್ತದೆ. ಅದು ಸತ್ತರೆ ಇನ್ನೊಂದು ಎದ್ದು, "ಈ ವಿಳಾಸ ಈಗ ಈ ಕಡೆ ಇದೆ" ಅಂತ ಜಾಲಕ್ಕೆಲ್ಲ ಒಂದು ಡಂಗುರ ಸಾರುತ್ತದೆ. ಕೇಳದೇ ಹೇಳೋ ಎಆರ್‌ಪಿ ಸಂದೇಶ ಅದು. ಸ್ವಿಚ್ ತನ್ನ ಪಟ್ಟಿ ತಿದ್ದಿಕೊಳ್ಳುತ್ತದೆ. ಕೌಂಟರಿನಲ್ಲಿ ನಿಂತವನಿಗೆ ಏನೂ ಗೊತ್ತಾಗೋದಿಲ್ಲ.

ಕಷ್ಟ ಇರೋದು "ಸತ್ತರೆ" ಅನ್ನೋ ಆ ಶಬ್ದದಲ್ಲಿ. ಸತ್ತಿದೆ ಅಂತ ಗೊತ್ತಾಗೋದು ಹೇಗೆ? ಬಾಂಡಿಂಗ್‌ಗೆ ನೋಡೋ ಕಣ್ಣು ಎರಡು. ಒಂದು, ಎಂಐಐ ತಪಾಸಣೆ. 100 ಮಿಲಿಸೆಕೆಂಡಿಗೊಮ್ಮೆ ಕೇಬಲ್ಲಿನಲ್ಲಿ ಜೀವ ಇದೆಯಾ ಅಂತ ಮುಟ್ಟಿ ನೋಡೋದು. ಬಹಳ ವರ್ಷಗಳ ಕಾಲ ಇದರ ಡೀಫಾಲ್ಟ್ ಬೆಲೆ ಸೊನ್ನೆ ಇತ್ತು. ಸೊನ್ನೆ ಅಂದರೆ ನೋಡೋದೇ ಇಲ್ಲ! ಎರಡು ಕೇಬಲ್ ಹಾಕಿ, ಬಾಂಡ್ ಕಟ್ಟಿ, ಕಣ್ಣು ಮುಚ್ಚಿಕೊಂಡಿದ್ದ ಹಾಗೆ. ಈ ತಪಾಸಣೆ ಇಲ್ಲವೇ ಇನ್ನೊಂದನ್ನು ಹಾಕಲೇಬೇಕು ಅಂತ ಲಿನಕ್ಸ್‌ನ ಕೈಪಿಡಿಯೇ ಎಚ್ಚರಿಕೆ ಕೊಟ್ಟಿತ್ತು. ಕೈಪಿಡಿ ಓದೋರು ಎಷ್ಟು ಮಂದಿ ಬಿಡಿ.

ಎರಡನೇ ಕಣ್ಣು ಎಆರ್‌ಪಿ ತಪಾಸಣೆ. ಕೇಬಲ್ಲಿನಲ್ಲಿ ಜೀವ ಇದೆ, ಎದುರಿನ ಸ್ವಿಚ್ಚಿನ ದೀಪ ಹಸಿರಾಗಿ ಮಿಣುಕುತ್ತಿದೆ, ಆದರೆ ಆ ಸ್ವಿಚ್ಚಿನಿಂದ ಮುಂದಿನ ದಾರಿ ಸತ್ತಿದೆ. ಎಂಐಐಗೆ ಇದು ಕಾಣೋದಿಲ್ಲ. ಎಆರ್‌ಪಿ ತಪಾಸಣೆ ಮಾತ್ರ ದೂರದ ಒಂದು ವಿಳಾಸವನ್ನು, ಸಾಮಾನ್ಯವಾಗಿ ಗೇಟ್‌ವೇಯನ್ನು, ಹೆಸರು ಹಿಡಿದು ಕೂಗುತ್ತದೆ. ಉತ್ತರ ಬಂದರೆ ಮಾತ್ರ ದಾರಿ ಬದುಕಿದೆ ಅಂತ ನಂಬುತ್ತದೆ. ಬಂದ ಉತ್ತರ ಕೇಳಿದವನಿಂದಲೇ ಬಂತಾ ಅಂತ ಪರೀಕ್ಷಿಸೋ ಆಯ್ಕೆಯೂ ಇದೆ. ಸ್ಟೇಷನ್ ಮಾಸ್ತರರ ಪ್ರೈವೇಟ್ ನಂಬರು ನೆನಪಾಯಿತಾ?

ಮಧ್ಯೆ 2013ರ ಸುಮಾರಿಗೆ ಟೀಮಿಂಗ್ ಅಂತ ಹೊಸದೊಂದು ಬಂತು. ಬಾಂಡಿಂಗ್ ಹಳೆಯದಾಯ್ತು, ಇನ್ನು ಇದೇ ಅಂದರು. ರೆಡ್ ಹ್ಯಾಟ್‌ನ 9ನೇ ಆವೃತ್ತಿಯ ಹೊತ್ತಿಗೆ ಟೀಮಿಂಗ್‌ಗೇ ನಿವೃತ್ತಿ ಘೋಷಣೆಯಾಯಿತು. ಹಳೆಯ ಬಾಂಡಿಂಗ್ ಇನ್ನೂ ದುಡಿಯುತ್ತಿದೆ.

ಇದೆಲ್ಲ ಉತಾರಕ್ಕೆ ಸಾಲಿನಲ್ಲಿ ನಿಂತವನಿಗೆ ಯಾಕೆ ಬೇಕು? ಭೂಮಿ ಯೋಜನೆಯನ್ನು ನೆನಪಿಸಿಕೊಳ್ಳಿ. 2001ರ ಹೊತ್ತಿಗೆ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು, ಅಂದಾಜು 67 ಲಕ್ಷ ರೈತರ ಭೂ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿತು. 177 ತಾಲ್ಲೂಕುಗಳಲ್ಲಿ ಕಿಯಾಸ್ಕ್, 15 ರೂಪಾಯಿಗೆ ಪಹಣಿ. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಲಾಟಿಯ ಮರ್ಜಿ ಕಾಯೋದು ತಪ್ಪಿತು. ಇದು ದೊಡ್ಡ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಅದರ ಜೊತೆ ಇನ್ನೊಂದೂ ಆಯಿತು. ತಲಾಟಿಯ ದಫ್ತರ ಎಷ್ಟೇ ಕಾಡಿದರೂ ಊರಲ್ಲೇ ಇತ್ತು. ಅದಕ್ಕೆ ತಂತಿ ಬೇಕಿರಲಿಲ್ಲ, ಹೊಳೆ ಬಂದರೂ ತೆರೆಯಬಹುದಿತ್ತು. ಅದನ್ನು ತೆಗೆದಾಗ ಒಂದು ಲಂಚದ ದಾರಿ ಮುಚ್ಚಿತು, ಜೊತೆಗೆ ಒಂದು ಬದಲಿ ದಾರಿಯೂ ಮುಚ್ಚಿತು. ದಾಖಲೆಗಳು ತಾಲ್ಲೂಕಿನಿಂದ ಬೆಂಗಳೂರಿನ ಡೇಟಾ ಸೆಂಟರಿನತ್ತ ಹೋದಂತೆ ಉತಾರ ಅನ್ನೋದು ನೂರಾರು ಕಿಲೋಮೀಟರ್ ಆಚೆಯಿಂದ ತಂತಿಯಲ್ಲಿ ಬರೋ ವಸ್ತುವಾಯಿತು. ಹಾಗಾಗಿ ಎರಡನೇ ತಂತಿ ಅನ್ನೋದು ಎಂಜಿನಿಯರನ ಶೋಕಿ ಅಲ್ಲ. ಆ ದಫ್ತರದ ಜಾಗಕ್ಕೆ ಬರಬೇಕಾದ್ದು ಅದು.

ಕೃಷ್ಣಾ ತೀರದ ಒಂದು ಕಚೇರಿಗೆ ನನ್ನನ್ನು ಕರೆದಿದ್ದರು. ಹೆಸರು ಬೇಡ. ಸರ್ವರಿಗೆ ಎರಡು ಕೇಬಲ್ ಇದೆ, ಬಾಂಡ್ ಕಟ್ಟಿದೆ, ಆದರೂ ಮಳೆಗಾಲದಲ್ಲಿ ಸಂಪರ್ಕ ಹೋಗುತ್ತದೆ ಅನ್ನೋದು ದೂರು. ನಾನು ಕೇಬಲ್ ಹಿಡಿದುಕೊಂಡೇ ನಡೆದೆ. ಎರಡೂ ಕೇಬಲ್ ಹೋಗಿ ಸೇರಿದ್ದು ಒಂದೇ ಸ್ವಿಚ್ಚಿಗೆ. ಆ ಸ್ವಿಚ್ಚಿಗೆ ಒಂದೇ ಯುಪಿಎಸ್. ಹೊರಗೆ ಎರಡು ಕಂಪನಿಗಳ ಇಂಟರ್‌ನೆಟ್, ಎರಡು ಬಿಲ್ಲು. ಕಂಪನಿಯ ಲೈನ್‌ಮನ್ ಒಬ್ಬರನ್ನು ಕೇಳಿದೆ, "ಇವೆರಡೂ ಯಾವ ಕಡೆಯಿಂದ ಬರ್ತಾವ್ರಿ?" ಅಂತ. ಅವರು ಸುಮ್ಮನೆ ರಸ್ತೆ ಸೇತುವೆಯ ಕಡೆ ಕೈ ಮಾಡಿದರು. ಎರಡೂ ಫೈಬರ್ ಅದೇ ತಗ್ಗಿನ ಸೇತುವೆಯ ಪಕ್ಕಕ್ಕೆ ಕ್ಲಾಂಪ್ ಹಾಕಿದ ಪೈಪಿನಲ್ಲಿ ಹೊಳೆ ದಾಟುತ್ತಿದ್ದವು. 1986ರ ಏಳು ಗೆರೆ ನನ್ನ ಕಣ್ಣ ಮುಂದೆ ಬಂದವು.

ಆಮೇಲಿನ ಕೆಲಸ ಬೇಸರದ್ದು, ಆದರೆ ಹೇಳ್ತೀನಿ. ಎರಡನೇ ಸ್ವಿಚ್, ಬೇರೆ ಯುಪಿಎಸ್. ಬಾಂಡಿಗೆ ಎಂಐಐ ಬದಲು ಎಆರ್‌ಪಿ ತಪಾಸಣೆ, ಅದೂ ಒಂದಲ್ಲ, ಎರಡು ವಿಳಾಸಗಳಿಗೆ. ಗೇಟ್‌ವೇ ಒಂದನ್ನೇ ನಂಬಿಕೊಂಡರೆ ಆ ಗೇಟ್‌ವೇ ರಿಪೇರಿಗೆ ಹೋದ ದಿನ ಎರಡು ಪೋರ್ಟೂ ಸತ್ತಂತೆ ಕಾಣುತ್ತವೆ. ಮೊದಲ ದಾರಿ ಮತ್ತೆ ಎದ್ದ ತಕ್ಷಣ ಅದಕ್ಕೇ ಮರಳಬೇಡ, ಇರೋದರಲ್ಲೇ ಇರು ಅಂತ ಸೂಚನೆ. ಸಡಿಲ ಪ್ಲಗ್ಗು ಬಂದು ಹೋಗಿ ಮಾಡೋವಾಗ ಬಾಂಡೂ ಜೊತೆಗೆ ಕುಣಿಯಬಾರದು. ಹೊರಗಿನ ಎರಡನೇ ದಾರಿಯನ್ನು ಹೊಳೆ ದಾಟದ ದಿಕ್ಕಿನಿಂದ ತರಿಸಿದ್ದು. ಇದಕ್ಕೇ ಹೆಚ್ಚು ದಿನ ಹಿಡಿಯಿತು, ಹೆಚ್ಚು ಪತ್ರ ಬರೆಯಬೇಕಾಯಿತು.

ರೈಲಿನವರೂ ಈಗ ಕುಡಚಿಗೆ ಎರಡನೇ ದಿಕ್ಕು ತರುತ್ತಿದ್ದಾರೆ. 2010-11ರಲ್ಲಿ ಮಂಜೂರಾದ ಬಾಗಲಕೋಟೆ-ಕುಡಚಿ ಮಾರ್ಗ, ಸುಮಾರು 142 ಕಿಲೋಮೀಟರ್, ಪೂರ್ಣವಾದರೆ ಊರು ಪೂರ್ವದ ಕಡೆಯಿಂದಲೂ ಜಾಲಕ್ಕೆ ಸೇರುತ್ತದೆ. ಜನ ಕಾಯುತ್ತಲೇ ಇದ್ದಾರೆ.

ಆ ಕಚೇರಿಯಲ್ಲಿ ಕೊನೆಗೆ ಉಳಿದದ್ದು ಪರೀಕ್ಷೆ. ಕಚೇರಿ ಸಮಯದಲ್ಲೇ, ಕೌಂಟರಿನಲ್ಲಿ ಜನ ಇರುವಾಗಲೇ ಮಾಡೋಣ ಅಂದೆ. ಮೇಲಿನವರು ಒಪ್ಪೋಕೆ ಸ್ವಲ್ಪ ಹೊತ್ತು ಬೇಕಾಯಿತು. ಮೊದಲನೇ ಕೇಬಲ್ಲಿಗೆ ಕೈ ಹಾಕಿ ಕಿತ್ತೆ. ಹೊರಗೆ ಪ್ರಿಂಟರಿನ ಸದ್ದು ನಿಲ್ಲಲಿಲ್ಲ. ಬಾಂಡಿನ ಸ್ಥಿತಿ ತೋರಿಸೋ ಫೈಲು ತೆರೆದು ನೋಡಿದರೆ ಮೊದಲನೇ ಪೋರ್ಟಿನ ಎದುರು ಲಿಂಕ್ ಫೇಲ್ಯೂರ್ ಕೌಂಟ್ 1 ಅಂತ ಬಂದಿತ್ತು. ಪ್ರತಿ ವರ್ಷ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಒಂದು ಸಲ ಹೀಗೇ ಕೀಳಬೇಕು ಅಂತ ಅಲ್ಲಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ಬಂದೆ.